ಸಹಿ ಬಿದ್ದರೆ ಒಪ್ಪಿಗೆಯಾಯಿತೇ?

(ಶಿವಮೊಗ್ಗದಲ್ಲಿ ಕಾರ್ಮಿಕರು, ಸಣ್ಣ ಕೈಗಾರಿಕೆಗಳ ಮಾಲೀಕರು ಮತ್ತು ಕಾನೂನು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ದುಡಿಯುವ ಜಾಗದಲ್ಲಿ ದುಡಿಯುವವರ ಒಪ್ಪಿಗೆ ಎಂಬ ವಿಷಯ ಬಂದಾಗ ಜರ್ಮನಿಯಿಂದಲೋ ಜಪಾನಿನಿಂದಲೋ ಪೀಠಿಕೆ ಹಾಕುವುದು ವಾಡಿಕೆ. ನಾನು ಸಾಗರ ತಾಲ್ಲೂಕಿನ ಕಾಗೋಡಿನಿಂದ ಆರಂಭಿಸುತ್ತೇನೆ.

ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದು ನಿಮಗೆಲ್ಲ ಗೊತ್ತಿರುವ ಚರಿತ್ರೆ. ಆದರೆ ಆ ಜಗಳದ ಮೂಲದಲ್ಲಿದ್ದದ್ದು ಒಂದು ಕೊಳಗ ಎಂಬುದನ್ನು ನಾವು ಮರೆಯುತ್ತೇವೆ. ಗೇಣಿ ಭತ್ತವನ್ನು ಅಳೆಯುವ ಕೊಳಗ ಮೂರು ಸೇರಿನದ್ದಾಗಿರಬೇಕು ಎಂದು ರೈತರು ಹೇಳುತ್ತಿದ್ದರು. ಒಡೆಯರ ಮನೆಯ ಕೊಳಗ ಅದಕ್ಕಿಂತ ದೊಡ್ಡದಾಗಿತ್ತು. ಗೇಣಿ ಇಷ್ಟು ಕೊಳಗ ಎಂದು ಮಾತಾಗಿತ್ತು, ರೈತ ಒಪ್ಪಿಯೂ ಇದ್ದ. ಕೊಳಗ ಎಷ್ಟು ದೊಡ್ಡದು ಎಂದು ತೀರ್ಮಾನಿಸುವವರು ಮಾತ್ರ ಇನ್ನೊಬ್ಬರಾಗಿದ್ದರು.

ಅಷ್ಟು ವರ್ಷ ಪ್ರತಿ ಸುಗ್ಗಿಯಲ್ಲೂ ರೈತ ಆ ಕೊಳಗದಲ್ಲೇ ಅಳೆದು ಕೊಟ್ಟಿದ್ದ. ಹಾಗಾದರೆ ಅವನು ಒಪ್ಪಿದ್ದ ಎನ್ನೋಣವೇ? ಕೊಟ್ಟನಲ್ಲ, ಸುಮ್ಮನಿದ್ದನಲ್ಲ ಎಂದು ವಾದಿಸುವವರು ಅಂದೂ ಇದ್ದರು. ಒಬ್ಬನೇ ರೈತ ಒಡೆಯರ ಅಂಗಳದಲ್ಲಿ ನಿಂತು ನಿಮ್ಮ ಕೊಳಗ ಸರಿಯಿಲ್ಲ ಎಂದಿದ್ದರೆ ಮರುವರ್ಷ ಅವನಿಗೆ ಉಳಲು ಗದ್ದೆ ಇರುತ್ತಿರಲಿಲ್ಲ. ರೈತರು ಸಂಘ ಕಟ್ಟಿಕೊಂಡ ಮೇಲೆಯೇ ಕೊಳಗದ ಅಳತೆ ಎನ್ನುವುದು ಪ್ರಶ್ನೆ ಕೇಳಬಹುದಾದ ಸಂಗತಿಯಾಯಿತು. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ನಿಲ್ಲಿಸಿ ಪಡೆದ ಒಪ್ಪಿಗೆಗೆ ದುಡಿಯುವ ಜಾಗದಲ್ಲಿ ಬೆಲೆ ಬಹಳ ಕಡಿಮೆ, ಒಟ್ಟಾಗಿ ಕುಳಿತು ‘ಬೇಡ’ ಎನ್ನಬಲ್ಲವರು ‘ಆಗಲಿ’ ಎಂದಾಗ ಮಾತ್ರ ಅದು ಒಪ್ಪಿಗೆ. ಈ ಸಂಜೆ ನಾನು ಹೇಳಬೇಕೆಂದಿರುವುದು ಇದೊಂದನ್ನೇ.

ಈಗ ನಮ್ಮ ಕಾಲಕ್ಕೆ ಬರೋಣ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಸಂಹಿತೆಯಲ್ಲಿ ‘ಒಪ್ಪಿಗೆ’ ಎಂಬ ಮಾತು ಎರಡು ಮುಖ್ಯ ಕಡೆಗಳಲ್ಲಿ ಬರುತ್ತದೆ. ಕಾರ್ಮಿಕರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ, ಮಾಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕು. ಸಂಜೆ ಏಳರ ನಂತರ, ಬೆಳಗಿನ ಆರಕ್ಕೆ ಮುಂಚೆ ಮಹಿಳೆಯರಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆ ಬೇಕು. ಅದಕ್ಕೂ ಮೊದಲೇ, 2023ರಲ್ಲಿ ಕಾರ್ಖಾನೆ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಲ್ಲಿ ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಚಾಚಲು ಅವಕಾಶ ಕೊಟ್ಟಾಗಲೂ ಕಾರ್ಮಿಕರ ಲಿಖಿತ ಒಪ್ಪಿಗೆಯ ಷರತ್ತು ಇತ್ತು.

ಓದಲು ಚೆನ್ನಾಗಿದೆ. ಈ ಒಪ್ಪಿಗೆ ಸಿಗುವ ಬಗೆಯನ್ನು ಹತ್ತಿರದಿಂದ ನೋಡಿ. ಹುಡುಗಿಯೊಬ್ಬಳು ಆಯನೂರು ಕಡೆಯ ಹಳ್ಳಿಯಿಂದ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಹೊಲಿಗೆ ಕೆಲಸಕ್ಕೆ ಬರುತ್ತಾಳೆ. ಮೊದಲ ದಿನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಎರಡು ಫೋಟೊ ಕೊಡುತ್ತಾಳೆ. ಎದುರಿಗೆ ಒಂದು ಕಟ್ಟು ಕಾಗದ ಇಡುತ್ತಾರೆ. ಪಿಎಫ್ ನಮೂನೆ, ಇಎಸ್‌ಐ ನಮೂನೆ, ನೇಮಕಾತಿ ಪತ್ರ, ಇವುಗಳ ನಡುವೆಲ್ಲೋ ಓವರ್‌ಟೈಮ್‌ಗೂ ರಾತ್ರಿ ಪಾಳಿಗೂ ‘ನಾನು ಸ್ವಇಚ್ಛೆಯಿಂದ ಒಪ್ಪಿರುತ್ತೇನೆ’ ಎಂಬ ಒಂದು ಹಾಳೆ. ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿರುತ್ತಾರೆ. ಹಿಂದೆ ಸಾಲಿನಲ್ಲಿ ಇನ್ನೂ ಹಲವರು ನಿಂತಿದ್ದಾರೆ. ಗುರುತು ನೋಡಿಕೊಂಡು ಅವಳು ಸಹಿ ಹಾಕುತ್ತಾ ಹೋಗುತ್ತಾಳೆ. ಕೆಲಸವೇ ಇನ್ನೂ ಆರಂಭವಾಗಿಲ್ಲ, ಯಾವ ಲೈನಿಗೆ ಹಾಕುತ್ತಾರೆ ಎಂಬುದೂ ಗೊತ್ತಿಲ್ಲ. ಮುಂದಿನ ಮೂರು ವರ್ಷಗಳ ರಾತ್ರಿಗಳಿಗೆ ಅವಳು ಆಗಲೇ ಒಪ್ಪಿಯಾಗಿದೆ.

ಆ ಹಾಳೆಯನ್ನು ನಾನು ಒಪ್ಪಿಗೆ ಎಂದು ಕರೆಯಲಾರೆ. ಕಾನೂನಿನ ದಾಖಲೆಗೆ ಅದು ಸಾಕಾಗಬಹುದು. ಆದರೆ ಆ ಹುಡುಗಿಗೆ ಏನನ್ನೂ ಕೇಳಿಲ್ಲ.

ಪಾಳಿ ಬದಲಾವಣೆಯನ್ನೇ ತೆಗೆದುಕೊಳ್ಳಿ. ಬೆಳಗಿನ ಪಾಳಿ ಅರ್ಧ ಗಂಟೆ ಮುಂಚೆ ಆರಂಭವಾಗಲಿ ಎಂದು ಕಚೇರಿಯಲ್ಲಿ ತೀರ್ಮಾನವಾಗುತ್ತದೆ. ಮೇಜಿನ ಮೇಲೆ ಅರ್ಧ ಗಂಟೆ ಬಹಳ ಚಿಕ್ಕದು. ಮಲೆನಾಡಿನ ಹಳ್ಳಿಯೊಂದರಲ್ಲಿ ಅದು ಚಿಕ್ಕದಲ್ಲ. ಕಂಪನಿ ಬಸ್ಸು ಊರೊಳಗೆ ಬರುವುದಿಲ್ಲ, ಕ್ರಾಸ್‌ವರೆಗೆ ನಡೆದು ಹೋಗಬೇಕು. ಆಷಾಢದ ಮಳೆಯಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲು. ಮಗುವಿದ್ದರೆ ಅಂಗನವಾಡಿ ತೆರೆಯುವವರೆಗೆ ಅತ್ತೆಯ ಕೈಯಲ್ಲಿ ಬಿಡಬೇಕು, ಅತ್ತೆ ತೋಟದ ಕೆಲಸಕ್ಕೆ ಹೋಗುವವರಾದರೆ ಅವರ ಅರ್ಧ ದಿನದ ಕೂಲಿ ಹೋಗುತ್ತದೆ. ಈ ಲೆಕ್ಕ ಕಚೇರಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಹೊಲಿಗೆ ಯಂತ್ರದ ಮುಂದೆ ಕುಳಿತ ಎಲ್ಲರಿಗೂ ಗೊತ್ತಿರುತ್ತದೆ. ಸೂಚನಾ ಫಲಕಕ್ಕೆ ಕಾಗದ ಅಂಟಿಸಿದ ಮೇಲೆ ‘ಏನಾದರೂ ತೊಂದರೆ ಇದ್ದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ಆಗಿಹೋದದ್ದನ್ನು ಏನು ಹೇಳುವುದು?

ಇಂಥ ಬದಲಾವಣೆಗಳಿಗೆ ಕಾನೂನಿನಲ್ಲಿ ಒಂದು ತಡೆ ಮೊದಲಿನಿಂದಲೂ ಇದೆ. ಕೂಲಿ, ದುಡಿಮೆಯ ವೇಳೆ, ರಜೆ, ಪಾಳಿ ಇಂಥವುಗಳಲ್ಲಿ ಬದಲಾವಣೆ ತರಬೇಕಾದರೆ ಮಾಲೀಕರು 21 ದಿನ ಮುಂಚೆ ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಇದ್ದ ಈ ನಿಯಮ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಇಪ್ಪತ್ತೊಂದು ದಿನ ಯಾಕೆ ಕೊಟ್ಟಿದ್ದಾರೆ ಎಂಬುದನ್ನು ಎರಡೂ ಕಡೆಯವರು ಯೋಚಿಸಬೇಕು. ಅದು ಮಾತುಕತೆಯ ಅವಧಿ. ನಮ್ಮಲ್ಲಿ ಬಹುಪಾಲು ಕಡೆ ಅದು ಕಾಗದ ಹಳದಿಯಾಗುವ ಅವಧಿಯಾಗಿದೆ.

ಇನ್ನು ಸಮಿತಿಗಳು. ಸಂವಿಧಾನಕ್ಕೆ 1976ರಲ್ಲಿ ಆದ 42ನೇ ತಿದ್ದುಪಡಿಯಿಂದ 43ಎ ಎಂಬ ವಿಧಿ ಸೇರಿತು. ಉದ್ದಿಮೆಗಳ ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸುವಂತೆ ಮಾಡುವುದು ಸರ್ಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, ಕಾರ್ಮಿಕ ನಾಯಕರು ಜೈಲಿನಲ್ಲಿದ್ದಾಗ, ಈ ಮಾತು ಸಂವಿಧಾನದಲ್ಲಿ ಸೇರಿತು ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ. ಇದನ್ನು ಜಾರಿಗೊಳಿಸಲು 1990ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು. ಅದು ಕಾಯ್ದೆಯಾಗಲೇ ಇಲ್ಲ. ನೂರು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಇಬ್ಬದಿಯ ಪ್ರತಿನಿಧಿಗಳ ವರ್ಕ್ಸ್ ಕಮಿಟಿ ಎಂಬುದು 1947ರಿಂದಲೂ ಇದೆ. ಅದರ ಅಧಿಕಾರ ಸಲಹೆಗೆ ಸೀಮಿತ. ಕ್ಯಾಂಟೀನಿನ ಸಾಂಬಾರು, ಕುಡಿಯುವ ನೀರು, ಆಯುಧಪೂಜೆಯ ಸಿಹಿ, ಇವುಗಳ ಆಚೆಗೆ ಅದರ ಸಭೆ ಹೋಗುವುದು ಅಪರೂಪ.

ಹೊಸ ಸಂಹಿತೆಯಲ್ಲಿ ನನಗೆ ಬೇಸರ ತಂದ ಒಂದು ಅಂಶವಿದೆ, ಭರವಸೆ ಕೊಟ್ಟ ಒಂದು ಅಂಶವೂ ಇದೆ. ಬೇಸರದ್ದು ಸ್ಥಾಯಿ ಆದೇಶಗಳ ಕುರಿತದ್ದು. ಕೆಲಸದ ವೇಳೆ, ಹಾಜರಾತಿ, ರಜೆ, ಶಿಸ್ತು ಕ್ರಮ ಇವೆಲ್ಲವನ್ನೂ ಬರೆದಿಡುವ ನಿಯಮಾವಳಿಗೆ ಸ್ಥಾಯಿ ಆದೇಶ ಎನ್ನುತ್ತಾರೆ. 1946ರ ಕಾಯ್ದೆಯ ಪ್ರಕಾರ ಅದರ ಕರಡನ್ನು ಮೊದಲು ಕಾರ್ಮಿಕರಿಗೆ ತೋರಿಸಿ ಆಕ್ಷೇಪಣೆ ಕೇಳಬೇಕಿತ್ತು. ಪ್ರಮಾಣೀಕರಿಸಿದ ಮೇಲೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಗೇಟಿನ ಬಳಿ ಫಲಕದಲ್ಲಿ ಹಾಕಬೇಕಿತ್ತು. ಕೇಂದ್ರದ ಆ ಕಾಯ್ದೆ ನೂರು ಜನರಿರುವ ಕಡೆ ಅನ್ವಯವಾಗುತ್ತಿತ್ತು, ಈಗ ಅದನ್ನು ಮುನ್ನೂರಕ್ಕೆ ಏರಿಸಿದ್ದಾರೆ. ನಮ್ಮ ಜಿಲ್ಲೆಯ ಫೌಂಡ್ರಿಗಳು, ಬಿಡಿಭಾಗ ತಯಾರಿಸುವ ಘಟಕಗಳು, ಅಕ್ಕಿ ಗಿರಣಿಗಳಲ್ಲಿ ಮುನ್ನೂರು ಜನ ಇರುವ ಕಡೆ ಎಷ್ಟಿದ್ದಾವು? ಉಳಿದೆಡೆ ನಿಯಮ ಬರೆಯುವಾಗ ಯಾರನ್ನೂ ಕೇಳಬೇಕಾಗಿಲ್ಲ ಎಂದಾಯಿತು.

ಭರವಸೆಯದ್ದು ಕುಂದುಕೊರತೆ ನಿವಾರಣಾ ಸಮಿತಿ. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಅದು ಇರಲೇಬೇಕು. ಹೆಚ್ಚೆಂದರೆ ಹತ್ತು ಸದಸ್ಯರು, ಎರಡೂ ಕಡೆಯಿಂದ ಸಮ ಸಂಖ್ಯೆಯಲ್ಲಿ. ಒಟ್ಟು ಕೆಲಸಗಾರರಲ್ಲಿ ಮಹಿಳೆಯರ ಪಾಲು ಎಷ್ಟಿದೆಯೋ ಸಮಿತಿಯಲ್ಲೂ ಅದಕ್ಕಿಂತ ಕಡಿಮೆ ಇರಬಾರದು. ಅಧ್ಯಕ್ಷತೆ ವರ್ಷಕ್ಕೊಮ್ಮೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ಇದಕ್ಕಿಂತ ಮುಖ್ಯವಾದದ್ದು ತೀರ್ಮಾನದ ನಿಯಮ. ಬಹುಮತ ಬಂದರೂ, ಕಾರ್ಮಿಕ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿರದಿದ್ದರೆ ತೀರ್ಮಾನವೇ ಆಗಿಲ್ಲ ಎಂದು ಭಾವಿಸಬೇಕು. ಮಾಲೀಕರ ಕಡೆಯ ಐದು ಜನ ಕಾರ್ಮಿಕರ ಕಡೆಯ ಒಬ್ಬರನ್ನು ತಮ್ಮತ್ತ ಎಳೆದುಕೊಂಡು ಆರು ಮತ ತೋರಿಸಿದರೆ ಸಾಲದು. ನಮ್ಮ ಕಾರ್ಮಿಕ ಕಾನೂನಿನಲ್ಲಿ ಒಪ್ಪಿಗೆಗೆ ಹಲ್ಲು ಬಂದಿರುವ ಜಾಗ ಯಾವುದು ಎಂದು ಕೇಳಿದರೆ ನಾನು ಇದನ್ನು ತೋರಿಸುತ್ತೇನೆ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಹೆಚ್ಚಿನವರ ಕೆಲಸದ ಜಾಗಕ್ಕೆ ಇದು ಅನ್ವಯಿಸುತ್ತದೆ.

ಮಾಲೀಕ ಮಿತ್ರರು ಇಲ್ಲಿದ್ದಾರೆ. ಅವರು ಕೇಳುವ ಪ್ರಶ್ನೆ ನನಗೆ ಗೊತ್ತು: ಎಲ್ಲರನ್ನೂ ಕೇಳುತ್ತಾ ಕುಳಿತರೆ ಆರ್ಡರ್ ಪೂರೈಸುವುದು ಯಾವಾಗ? ಪ್ರಶ್ನೆ ನ್ಯಾಯವಾದದ್ದೇ. ಕುಲುಮೆಯಲ್ಲಿ ಲೋಹ ಕರಗಿ ಕುದಿಯುತ್ತಿರುವಾಗ ಕೈ ಎತ್ತಿಸಿ ಮತ ಕೇಳಿ ಎಂದು ಯಾರೂ ಹೇಳುವುದಿಲ್ಲ. ಆದರೆ ಅದೇ ಫೌಂಡ್ರಿಯ ಒಳಗೆ ಇನ್ನೊಂದು ಸಂಗತಿ ನೋಡಿ.

ಎರಕದ ಅಚ್ಚಿಗೆ ಬಳಸುವ ಹಸಿಮರಳಿನಲ್ಲಿ ತೇವ ಒಂದು ಹದದಲ್ಲಿರಬೇಕು. ಕಡಿಮೆಯಾದರೆ ಅಚ್ಚು ಉದುರುತ್ತದೆ. ಹೆಚ್ಚಾದರೆ ಸಾವಿರದ ನಾನೂರು ಡಿಗ್ರಿಯ ಆಸುಪಾಸಿನ ಕಬ್ಬಿಣ ಬಿದ್ದಾಗ ನೀರು ಆವಿಯಾಗಿ ಎರಕದೊಳಗೆ ಗುಳ್ಳೆಗಳಾಗುತ್ತವೆ, ಕೆಟ್ಟ ಗಳಿಗೆಯಾದರೆ ಲೋಹವೇ ಸಿಡಿಯುತ್ತದೆ. ಪ್ರಯೋಗಾಲಯದಲ್ಲಿ ತೇವ ಅಳೆಯುವ ಉಪಕರಣವಿದೆ. ಜೊತೆಗೆ, ವರ್ಷಗಟ್ಟಲೆ ಮೌಲ್ಡಿಂಗ್ ಮಾಡಿದವರು ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕೈ ಬಿಡಿಸುತ್ತಾರೆ. ಬೆರಳಿನ ಗುರುತುಗಳು ಚೊಕ್ಕವಾಗಿ ಮೂಡಿ, ಉಂಡೆಯನ್ನು ಮುರಿದಾಗ ಅಂಚು ಉದುರದೆ ನಿಂತರೆ ಮರಳು ಹದವಾಗಿದೆ ಎಂದರ್ಥ. ಅಂಗೈಗೆ ಮೆತ್ತಿಕೊಂಡರೆ ತಲೆಯಾಡಿಸಿ ಪಕ್ಕಕ್ಕೆ ಎಸೆಯುತ್ತಾರೆ. ಜುಲೈ ತಿಂಗಳ ಮಲೆನಾಡಿನ ಗಾಳಿಯಲ್ಲಿ ಬೆಳಿಗ್ಗೆಯ ಮರಳು ಮಧ್ಯಾಹ್ನಕ್ಕೆ ಬೇರೆಯೇ ಆಗಿರಬಹುದು ಎನ್ನುವುದು ಆ ಅಂಗೈಗೆ ಗೊತ್ತು.

ಈ ಮನುಷ್ಯ ‘ಇವತ್ತು ಈ ಮರಳಿಗೆ ಸುರಿಯುವುದು ಬೇಡ’ ಎಂದರೆ ಕೇಳುವವರು ಇದ್ದಾರೆಯೇ? ಇಡೀ ದಿನದ ಉತ್ಪಾದನೆ ನಿಲ್ಲುತ್ತದೆ ಎಂಬ ಭಯಕ್ಕೆ ಮೇಲ್ವಿಚಾರಕ ಅವನನ್ನು ಸುಮ್ಮನಾಗಿಸುತ್ತಾನೆಯೇ? ಭೋಪಾಲ್ ದುರಂತ ನಡೆದದ್ದು 1984ರಲ್ಲಿ. ಆ ಬಳಿಕ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಸಮನಾಗಿ ಕೂರುವ ಸುರಕ್ಷತಾ ಸಮಿತಿಯನ್ನೂ, ಕಣ್ಣಿಗೆ ಕಾಣುವ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕನ್ನೂ ಕೊಟ್ಟರು. ಸಾವಿರಾರು ಜನ ಸತ್ತ ಮೇಲೆ ದೇಶ ಕಲಿತ ಪಾಠ ಅದು. ಅಪಾಯದ ಹತ್ತಿರ ನಿಂತವನಿಗೆ ಅದು ಎಲ್ಲರಿಗಿಂತ ಮೊದಲು ಕಾಣುತ್ತದೆ, ಅವನ ಮಾತಿಗೆ ಬೆಲೆ ಕೊಡುವುದು ಉಪಕಾರವಲ್ಲ.

ಕಾರ್ಖಾನೆಯಿಂದ ಅಡಿಕೆ ಅಂಗಳಕ್ಕೆ ಬನ್ನಿ, ಅದೂ ದುಡಿಯುವ ಜಾಗವೇ. ಕೊಯ್ಲಿನ ಕಾಲದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿಯುತ್ತಿದ್ದರು. ಸುಲಿದದ್ದನ್ನು ಅಳೆದು ಕೂಲಿ. ಕೊಳಗದ ಜಗಳದ ನೆನಪಿರುವ ನಾಡಿನಲ್ಲೇ ಆ ಅಳತೆಯ ಡಬ್ಬ ಯಾರದ್ದು, ತಲೆತಟ್ಟಿ ಅಳೆಯುವುದೋ ಗೋಪುರ ಮಾಡಿ ಅಳೆಯುವುದೋ ಎಂಬುದನ್ನು ಮನೆಯ ಯಜಮಾನರೇ ಹೇಳುತ್ತಿದ್ದರು. ಆಮೇಲೆ ಸುಲಿಯುವ ಯಂತ್ರ ಬಂತು. ಆಳು ಸಿಗುವುದಿಲ್ಲ ಎಂಬ ತೋಟಗಾರರ ಕಷ್ಟ ಸುಳ್ಳಲ್ಲ, ಯಂತ್ರವನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಯಂತ್ರ ತರುವ ಮುಂಚೆ ಯಜಮಾನರು ಸುಲಿಯುವ ಹೆಂಗಸರನ್ನು ಕರೆದು ಕೂರಿಸಿ ಮಾತನಾಡಿದ್ದನ್ನು ನಾನು ಬಲ್ಲೆ. ಎಳೆಯ ಕಾಯಿಗೆ ಕೈ ಸುಲಿತವೇ ಸರಿ, ಯಂತ್ರಕ್ಕೆ ಹಾಕಿದರೆ ಒಡಕು ಹೆಚ್ಚು ಎಂದು ಅವರಲ್ಲೊಬ್ಬ ಹಿರಿಯ ಹೆಂಗಸು ಹೇಳಿದರು. ಯಂತ್ರದಿಂದ ಬಂದದ್ದನ್ನು ಆಯಲು, ಬೇಯಿಸಲು, ಒಣಗಿಸಲು ಕೈ ಬೇಕೇ ಬೇಕು. ಆ ಕೆಲಸಕ್ಕೆ ಡಬ್ಬದ ಲೆಕ್ಕ ಬಿಟ್ಟು ದಿನಗೂಲಿ ಮಾಡಿ ಎಂದು ಅವರು ಕೇಳಿದರು. ಹಾಗೆಯೇ ಆಯಿತು. ಅಲ್ಲಿ ಕಾನೂನಿರಲಿಲ್ಲ, ಸಮಿತಿ ಇರಲಿಲ್ಲ. ಯಂತ್ರಕ್ಕೆ ಮುಂಗಡ ಕೊಡುವ ಮುಂಚೆಯೇ ಕೇಳಿದ್ದರು ಎನ್ನುವುದೊಂದೇ ವಿಶೇಷ. ಆದರೂ ಅದು ಒಬ್ಬ ಒಳ್ಳೆಯ ಮನುಷ್ಯನ ಗುಣವನ್ನು ನೆಚ್ಚಿಕೊಂಡದ್ದು. ಪಕ್ಕದ ಮನೆಯಲ್ಲಿ ಹಾಗಾಗಲಿಲ್ಲ.

ಜರ್ಮನಿಯ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಐದು ಜನ ನೌಕರರಿರುವ ಕಡೆಯೂ ಅವರು ಬಯಸಿದರೆ ತಮ್ಮ ಮಂಡಳಿಯನ್ನು ಚುನಾಯಿಸಿಕೊಳ್ಳಬಹುದು. ಕೆಲಸ ಎಷ್ಟು ಹೊತ್ತಿಗೆ ಆರಂಭವಾಗಬೇಕು, ನೌಕರರ ಮೇಲೆ ನಿಗಾ ಇಡುವ ಯಂತ್ರಗಳನ್ನು ಅಳವಡಿಸಬೇಕೇ ಎಂಬಂಥ ವಿಷಯಗಳಲ್ಲಿ ಆ ಮಂಡಳಿಯ ಒಪ್ಪಿಗೆ ಬೇಕೇ ಬೇಕು. ನಮ್ಮಲ್ಲಿ ಹಾಜರಾತಿಗೆ ಮುಖ ಗುರುತಿಸುವ ಯಂತ್ರ, ಲೈನಿನ ಮೇಲೆ ಕ್ಯಾಮೆರಾ, ಮೊಬೈಲಿನಲ್ಲಿ ಎಲ್ಲಿದ್ದೀರಿ ಎಂದು ತೋರಿಸುವ ಆ್ಯಪ್ ಒಂದಾದ ಮೇಲೊಂದು ಬರುತ್ತಿವೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಾಮಾನ್ಯವಾಗಿ ಒಪ್ಪಿಗೆಯ ಮಾತನಾಡುತ್ತದೆ, ಆದರೆ ಒಪ್ಪಿಗೆ ಬೇಕಿಲ್ಲದ ಕೆಲವು ಸಂದರ್ಭಗಳಲ್ಲಿ ಉದ್ಯೋಗದ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನೂ ಸೇರಿಸುತ್ತದೆ. ಅಂಗಡಿಯವರು ನನ್ನ ಫೋನ್ ನಂಬರ್ ಇಟ್ಟುಕೊಳ್ಳಲು ನನ್ನನ್ನು ಕೇಳಬೇಕು, ನನ್ನ ಮುಖವನ್ನು ದಿನಕ್ಕೆ ನಾಲ್ಕು ಸಲ ಅಳೆಯುವ ಮಾಲೀಕರು ಕೇಳಬೇಕಿಲ್ಲ. ಇದು ಸರಿಯಲ್ಲ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಕೇಳದೆ ಮಾಡಿದ ತೀರ್ಮಾನಕ್ಕೆ ಏನಾಗುತ್ತದೆ ಎಂಬುದನ್ನು 2016ರಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ತೋರಿಸಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ನಿಯಮ ಹೊರಡಿಸಿತು. ಮದುವೆಗೆ, ಹೆರಿಗೆಗೆ, ಸಾಲ ತೀರಿಸಲು ಆ ಹಣವೇ ಆಧಾರ ಎಂದು ಬದುಕುವವರನ್ನು ಯಾರೂ ಕೇಳಿರಲಿಲ್ಲ. ಏಪ್ರಿಲ್ 18ರಂದು ಅವರು ಹೊಲಿಗೆ ಯಂತ್ರ ಬಿಟ್ಟು ರಸ್ತೆಗಿಳಿದರು. ಮರುದಿನವೇ ನಿಯಮವನ್ನು ಹಿಂತೆಗೆದುಕೊಳ್ಳಲಾಯಿತು. ಮಲೆನಾಡಿನಿಂದ ಹೋಗಿ ಅಲ್ಲಿ ಹೊಲಿಯುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಕಲ್ಲು, ಲಾಠಿ, ಬೆಂಕಿ ಎಲ್ಲವೂ ಆದ ಮೇಲೆ ಸಿಕ್ಕಿದ್ದು, ಮೊದಲೇ ಒಂದು ಸಭೆ ಕರೆದಿದ್ದರೆ ಸಿಗುತ್ತಿದ್ದದ್ದು.

ಭದ್ರಾವತಿಯ ಹೆಸರೆತ್ತದೆ ಈ ಊರಿನಲ್ಲಿ ದುಡಿಮೆಯ ಮಾತು ಮುಗಿಯುವುದಿಲ್ಲ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ದೂರದ ಆಡಳಿತ ಮಂಡಳಿಯಿಂದ ಬಂತು. ಗೇಟಿನ ಮುಂದೆ ಧರಣಿ ಕುಳಿತವರು ಗುತ್ತಿಗೆ ಕಾರ್ಮಿಕರು. ಯಾವ ಜಂಟಿ ಸಮಿತಿಯಲ್ಲೂ ಅವರಿಗೆ ಕುರ್ಚಿ ಇರಲಿಲ್ಲ, ಕುಲುಮೆಯ ಮುಂದೆ ಮಾತ್ರ ಇದ್ದರು. ಕಾಯಂ ನೌಕರರಿಗಾಗಿ ಬರೆದ ಭಾಗವಹಿಸುವಿಕೆಯ ನಿಯಮಗಳು ಗುತ್ತಿಗೆಯವರಿಗೆ ಹೊರಗಿನಿಂದಲೇ ಮುಚ್ಚಿದ ಬಾಗಿಲು. ನಮ್ಮ ಸಂಘಗಳು ಕೂಡ ಎಷ್ಟೋ ಕಾಲ ಆ ಬಾಗಿಲನ್ನು ಒಳಗಿನಿಂದ ತೆರೆಯಲಿಲ್ಲ. ಇದನ್ನು ಸಂಘದ ಮುಖಂಡರ ಎದುರಿನಲ್ಲೇ ಹೇಳುತ್ತಿದ್ದೇನೆ.

ಮಾತು ಮುಗಿಸುವ ಮುಂಚೆ ಚೀಟಿಯಲ್ಲಿ ಬಂದ ಒಂದು ಪ್ರಶ್ನೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಂಗಿಯೊಬ್ಬರು ಕೇಳಿದ್ದಾರೆ: ‘ಸಹಿ ಹಾಕಿಬಿಟ್ಟಿದ್ದೇನೆ. ಈಗ ರಾತ್ರಿ ಪಾಳಿ ಬೇಡ ಎಂದರೆ ಕೆಲಸ ಹೋಗುತ್ತದೆಯೇ?’

ತಂಗಿ, ಒಬ್ಬರೇ ಹೋಗಿ ಹೇಳಬೇಡಿ. ನಿಮ್ಮ ಲೈನಿನಲ್ಲಿ ಇದೇ ಕಷ್ಟ ಇರುವವರು ಎಷ್ಟು ಮಂದಿ ಎಂದು ಊಟದ ಹೊತ್ತಿನಲ್ಲಿ ವಿಚಾರಿಸಿ. ಎಲ್ಲರೂ ಸೇರಿ ಕನ್ನಡದಲ್ಲೇ ಅರ್ಜಿ ಬರೆಯಿರಿ: ಯಾವ ಊರು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಮನೆಯಲ್ಲಿ ಯಾರಿದ್ದಾರೆ, ಯಾವ ಪಾಳಿ ಆಗುತ್ತದೆ. ಕುಂದುಕೊರತೆ ನಿವಾರಣಾ ಸಮಿತಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತೊಂದರೆ ಆರಂಭವಾಗಿ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು, ಸಮಿತಿ 30 ದಿನಗಳಲ್ಲಿ ವಿಚಾರಣೆ ಮುಗಿಸಬೇಕೆಂಬುದು ಸಂಹಿತೆಯ ಆಶಯ. ತೀರ್ಮಾನ ಸರಿಯಾಗದಿದ್ದರೆ 60 ದಿನಗಳೊಳಗೆ ಸಂಘದ ಮೂಲಕ ಸಂಧಾನಾಧಿಕಾರಿಯ ಬಳಿಗೆ ಹೋಗಬಹುದು. ನಿಮ್ಮಲ್ಲಿ ಸಂಘ ಇಲ್ಲದಿದ್ದರೆ, ಸಮಿತಿಯೇ ಇಲ್ಲದಿದ್ದರೆ, ಅದನ್ನೇ ಮೊದಲ ಅರ್ಜಿಯಲ್ಲಿ ಬರೆದು ಕಾರ್ಮಿಕ ಇಲಾಖೆಯ ಕಚೇರಿಗೆ ಕೊಡಿ. ಅರ್ಜಿ ಬರೆಯಲು ನೆರವು ಬೇಕಾದವರು ಸಭೆ ಮುಗಿದ ಮೇಲೆ ಇಲ್ಲೇ ಉಳಿಯಿರಿ, ಕಾನೂನು ವಿದ್ಯಾರ್ಥಿಗಳು ಕಾಗದ ಪೆನ್ನು ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ.